ಎರಡನೇ ಕ್ರಾಸ್‌ನ ಜೋಂಗಾ: ಭಾನುವಾರ ಸೇರುವ ಮೊದಲು ಇಲ್ಲೇ ಮಾತಾಡೋಣ

ಅಡ್ಮಿನ್:
ಎಲ್ಲರಿಗೂ ನಮಸ್ಕಾರ. ಸುಬೇದಾರ್ ಕಾಕಾ ಎರಡನೇ ಕ್ರಾಸ್‌ನಲ್ಲಿ ನಿಲ್ಲಿಸಿರುವ ಜೋಂಗಾ, ಅಂದರೆ ಜೀಪಿನಂಥ ಹಳೇ ಮಿಲಿಟರಿ ಗಾಡಿ ಬಗ್ಗೆ ನಿನ್ನೆಯಿಂದ ಬಂದ ಮೆಸೇಜ್‌ಗಳಲ್ಲಿ ಅರ್ಧ ಸಿಟ್ಟು, ಅರ್ಧ ಸ್ಟಿಕ್ಕರ್. ಎರಡರಿಂದಲೂ ಗಾಡಿ ಒಂದಿಂಚು ಸರಿಯಲ್ಲ. ತೊಂದರೆ ಏನು, ಏನು ಮಾಡೋಣ, ಅಷ್ಟು ಬರೆಯಿರಿ. ನನಗೆ ಕಂಡದ್ದು ಹೇಳುತ್ತೇನೆ. ಕಸದ ಗಾಡಿಯವನು ಎರಡನೇ ಕ್ರಾಸ್ ಒಳಗೆ ಬರುವುದನ್ನೇ ಬಿಟ್ಟಿದ್ದಾನೆ, ತಿರುಗಿಸಲು ಜಾಗ ಇಲ್ಲ ಅಂತಾನೆ. ಗಟಾರದಲ್ಲಿ ಎಣ್ಣೆ ತೇಲುತ್ತಿದೆ. ಕಂಪೌಂಡ್ ಹೊರಗೆ ಹಳೇ ಟೈರ್ ರಾಶಿ ಬಿದ್ದಿದೆ, ಮಳೆ ಬೇರೆ ಶುರುವಾಗಿದೆ. ಇದರ ಮೇಲೆ ಈಗ ಕಾಕಾ ಯುದ್ಧದ ಟ್ಯಾಂಕ್ ತರುತ್ತಿದ್ದಾರೆ ಅನ್ನೋ ಸುದ್ದಿ. ಕಾಕಾ, ನೀವೂ ಈ ಗುಂಪಿನಲ್ಲೇ ಇದ್ದೀರಿ, ನೀವೇ ಉತ್ತರ ಕೊಟ್ಟರೆ ಚೆಂದ.

ಎದುರು ಮನೆ, ಮೇಲಿನ ಮಹಡಿ:
ಉತ್ತರ ಏನು ಬೇಕ್ರಿ? ರಸ್ತೆ ಎಲ್ಲರದ್ದು. ಹವ್ಯಾಸ ಇದ್ದರೆ ಅವರವರ ಅಂಗಳದಲ್ಲಿ ಇರಲಿ. ಊಟ ಮಾಡಿ ಮಲಗೋ ಹೊತ್ತಿಗೆ ಎಂಜಿನ್ ಶುರು ಮಾಡಿ ರೇಸ್ ಕೊಟ್ಟರೆ ನಮ್ಮ ಕಿಟಕಿ ಗಾಜು ನಡುಗುತ್ತದೆ, ಪೆಟ್ರೋಲ್ ವಾಸನೆ ಅಡುಗೆಮನೆ ತನಕ ಬರುತ್ತದೆ. ನಾನು ಅರ್ಜಿ ಬರೆದಿಟ್ಟಿದ್ದೇನೆ. ಸಹಿ ಮಾಡಿ, ಪಾಲಿಕೆಯವರು ಎತ್ತಿಕೊಂಡು ಹೋಗಲಿ.

ಮೂಲೆ ಅಂಗಡಿ:
ಟ್ಯಾಂಕ್ ಸುದ್ದಿ ಹುಟ್ಟಿದ್ದು ನಮ್ಮ ಅಂಗಡಿ ಕಟ್ಟೆ ಮೇಲೆ 😀 ಕಾಕಾ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಸಣ್ಣ ಟ್ಯಾಂಕಿನ ಹಂಗೇ ಇತ್ತು, ಆದರೆ ನಾಲ್ಕು ಗಾಲಿ. ಚಹಾ ಕುಡಿಯುತ್ತಿದ್ದವರು ಅರ್ಧ ಕೇಳಿಸಿಕೊಂಡು ಎದ್ದು ಹೋದರು. ಸಂಜೆ ಹೊತ್ತಿಗೆ ಅದು ಬೆಳಗಾವಿಗೆ ಬಂದೇಬಿಟ್ಟಿತ್ತು.

ಸುಬೇದಾರ್ ಕಾಕಾ:
ಎಲ್ಲ ಓದಿದೆ. ಮೊದಲು ಟ್ಯಾಂಕ್ ವಿಷಯ ಮುಗಿಸುತ್ತೇನೆ. ನಾನು ಸೈನ್ಯದ ರಿಪೇರಿ ವಿಭಾಗ ಇಎಂಇಯಲ್ಲಿ ಗಾಡಿ ರಿಪೇರಿ ಮಾಡಿಯೇ ತಲೆ ಬೆಳ್ಳಗೆ ಮಾಡಿಕೊಂಡವನು, ಟ್ಯಾಂಕ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಚೆನ್ನೈ ಹತ್ತಿರದ ಆವಡಿಯಲ್ಲಿ ಆಗುತ್ತಿದ್ದ ನಮ್ಮ ವಿಜಯಂತ ಟ್ಯಾಂಕ್ ಸುಮಾರು 39 ಟನ್. ರಷ್ಯಾದ ಟಿ-55 ಸುಮಾರು 36 ಟನ್. ನಮ್ಮ ಕ್ರಾಸ್‌ನ ಚೇಂಬರ್ ಮುಚ್ಚಳ ನೀರಿನ ಟ್ಯಾಂಕರ್ ಭಾರಕ್ಕೇ ಬಿರುಕು ಬಿಟ್ಟಿದೆ. ಹೋಗಲಿ, ಸೇವೆ ಮುಗಿದ ಟ್ಯಾಂಕನ್ನು ಸೈನ್ಯ ನನ್ನಂಥ ಒಬ್ಬ ಮನುಷ್ಯನಿಗೆ ಕೊಡುವುದೂ ಇಲ್ಲ. ತೋಪು ಕೆಲಸ ಮಾಡದ ಹಾಗೆ ಮಾಡಿ ಕಾಲೇಜು, ಸರ್ಕಲ್, ಉದ್ಯಾನ, ಇಂಥ ಕಡೆ ನೋಡಲಿಕ್ಕೆ ಇಡುತ್ತಾರೆ. ಟ್ಯಾಂಕ್ ನೋಡುವ ಆಸೆ ಇದ್ದವರು ಅಹಮದ್‌ನಗರಕ್ಕೆ (ಈಗ ಅಹಿಲ್ಯಾನಗರ) ಹೋಗಿ ಬನ್ನಿ, ಅಲ್ಲಿ 1994ರಲ್ಲಿ ಶುರುವಾದ ಟ್ಯಾಂಕ್ ಮ್ಯೂಸಿಯಂ ಇದೆ. 1965ರ ಯುದ್ಧದಲ್ಲಿ ಸಿಕ್ಕ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್ ಕೂಡ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ.

ನನ್ನ ಹತ್ತಿರ ಇರುವುದು ಜೋಂಗಾ. 1972ರ ಗಾಡಿ. ಜಪಾನಿನ ನಿಸಾನ್ ಕಂಪನಿಯ ‘ಪ್ಯಾಟ್ರೋಲ್’ ಗಾಡಿಯನ್ನೇ ಜಬಲ್ಪುರದ ಕಾರ್ಖಾನೆಯಲ್ಲಿ 1969ರಿಂದ ಕಟ್ಟುತ್ತಿದ್ದರು. ಆರು ಸಿಲಿಂಡರ್, 3,956 ಸಿಸಿ. ಇದಕ್ಕೆ ಕವಚ ಇಲ್ಲ, ತಗಡು ಅಷ್ಟೇ. ಹಿಂದಿನ ಮಾಲೀಕ ಮೂಲ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಹಾಕಿಸದೇ ಇದ್ದದ್ದೇ ನನ್ನ ಪುಣ್ಯ. ಸರ್ವಿಸ್‌ನಲ್ಲಿ ಇದೇ ಗಾಡಿಯ ಕೆಳಗೆ ಮಲಗಿ ಸಂಬಳ ತಗೊಂಡಿದ್ದೇನೆ. ಈಗ ಕೈಯಿಂದ ದುಡ್ಡು ಹಾಕಿ ಮಲಗುತ್ತೇನೆ, ಅಷ್ಟೇ ವ್ಯತ್ಯಾಸ.

ಫೋಟೋದಲ್ಲಿದ್ದ ಗಾಡಿ ನನ್ನ ಸೋದರಳಿಯನದು. ಅವನೂ ಈ ಗುಂಪಿನಲ್ಲಿದ್ದಾನೆ, ಅವನೇ ಹೇಳಲಿ.

ಮೊದಲ ಕ್ರಾಸ್ (ಈಗ ಇಂಗ್ಲೆಂಡ್):
ಮಾಮಾ ನನ್ನನ್ನೂ ಎಳೆದರು. ಸರಿ. ನಾವು ನಾಲ್ಕು ಜನ ಸೇರಿ ಒಂದು ಫೆರೆಟ್ ಇಟ್ಟುಕೊಂಡಿದ್ದೇವೆ. ಅದು ಡೈಮ್ಲರ್ ಕಂಪನಿಯ ಕವಚದ ಗಾಡಿ, 1952ರಿಂದ 1971ರ ತನಕ ಮಾಡಿದ್ದು. ಒಳಗೆ ಇಬ್ಬರು ಕೂರಬಹುದು. ಉಕ್ಕಿನ ದಪ್ಪ ಕಡಿಮೆ ಅಂದರೆ 6, ಜಾಸ್ತಿ ಅಂದರೆ 16 ಮಿಲಿಮೀಟರ್. ನಾಲ್ಕು ಟನ್ ಆಸುಪಾಸು ತೂಕ, ಆದರೆ ಉದ್ದ ನಾಲ್ಕು ಮೀಟರ್ ಕೂಡ ಇಲ್ಲ. ಎದುರು ಮನೆ ಸರ್ ಅವರ ಕಾರಿಗಿಂತ ಗಿಡ್ಡ 🙂 ಇಲ್ಲಿ ಗನ್ ಕೆಡಿಸಿದ ಹಳೇ ಮಿಲಿಟರಿ ಗಾಡಿಯನ್ನು ಖಾಸಗಿಯವರು ಇಟ್ಟುಕೊಂಡು ರಸ್ತೆಯಲ್ಲೂ ಓಡಿಸಬಹುದು. ನಲವತ್ತು ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆಯೂ ಇಲ್ಲ.

ಓಡಿಸುವುದು ಮಜಾ, ಇಟ್ಟುಕೊಳ್ಳುವುದು ಸಜಾ. ಗೇರ್ ಹಾಕುವ ಪದ್ಧತಿಯೇ ಬೇರೆ. ಮೊದಲು ಸಣ್ಣ ಹಿಡಿಕೆಯಿಂದ ಮುಂದಿನ ಗೇರ್ ಯಾವುದು ಅಂತ ಆರಿಸಬೇಕು, ಬೇಕಾದಾಗ ಎಡಗಾಲಿನ ಪೆಡಲ್ ತುಳಿದರೆ ಗೇರ್ ಬೀಳುತ್ತದೆ. ಪೂರ್ತಿ ತುಳಿಯದೆ ಅರ್ಧಕ್ಕೆ ಬಿಟ್ಟರೆ ಪೆಡಲ್ ವಾಪಸ್ ಒದೆಯುತ್ತದೆ, ಕತ್ತೆ ಒದ್ದ ಹಾಗೆ. ನಮ್ಮಲ್ಲೊಬ್ಬ ಎರಡು ವಾರ ಕುಂಟಿದ. ಐದು ಗೇರ್, ಐದೂ ರಿವರ್ಸ್‌ನಲ್ಲೂ ಸಿಗುತ್ತವೆ, ಅಂದರೆ ಮುಂದೆ ಎಷ್ಟು ಜೋರಾಗಿ ಹೋಗುತ್ತದೋ ಹಿಂದೆಯೂ ಹಾಗೇ ಓಡುತ್ತದೆ. ಬೇಹುಗಾರಿಕೆ ಗಾಡಿ ನೋಡಿ, ಶತ್ರು ಕಂಡರೆ ತಿರುಗಿಸಲು ಟೈಮ್ ಎಲ್ಲಿದೆ?

ದೊಡ್ಡ ತಲೆನೋವು ಡಾಂಬರು ರಸ್ತೆ. ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮಧ್ಯದಲ್ಲಿ ಒಂದೇ ಇದೆ, ಅದು ಎಡಕ್ಕೂ ಬಲಕ್ಕೂ ಶಕ್ತಿ ಹಂಚುತ್ತದೆ. ಒಂದೇ ಬದಿಯ ಮುಂದಿನ-ಹಿಂದಿನ ಗಾಲಿಗಳು ಮಾತ್ರ ಒಟ್ಟಿಗೇ ತಿರುಗಬೇಕು. ಒಂದು ಟೈರ್ ಸ್ವಲ್ಪ ಸವೆದಿದ್ದರೂ ಸಾಕು, ಆ ಎರಡು ಗಾಲಿಗಳ ಸುತ್ತು ಹೊಂದುವುದಿಲ್ಲ. ಮಣ್ಣಿನಲ್ಲಿ ಗಾಲಿ ಜಾರಿ ಸರಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಜಾರಲ್ಲ, ಆ ಬಿಗಿತವೆಲ್ಲ ಗೇರ್ ಪೆಟ್ಟಿಗೆಗಳ ಮೇಲೆ ಬೀಳುತ್ತದೆ. ಅದಕ್ಕೇ ನಾಲ್ಕೂ ಟೈರ್ ಒಂದೇ ಅಳತೆ ಇರಬೇಕು. ಎಂಜಿನ್ ಮೇಲಿನ ಉಕ್ಕಿನ ಹಲಗೆ ಒಬ್ಬರಿಂದ ಎತ್ತಲು ಆಗಲ್ಲ. ಮಳೆ ನೀರು ಒಳಗೆ ಇಳಿದರೆ ತೊಟ್ಟಿ ತುಂಬಿದ ಹಾಗೆ ನಿಲ್ಲುತ್ತದೆ, ತಳದ ಬಿರಡೆ ಬಿಚ್ಚಿ ಬಿಡಬೇಕು. ಇದೆಲ್ಲ ಮನೆ ಮುಂದೆ ಆಗೋ ಕೆಲಸ ಅಲ್ಲ ಮಾಮಾ. ನಾವು ಊರಾಚೆ ರೈತರೊಬ್ಬರ ಕೊಟ್ಟಿಗೆ ಬಾಡಿಗೆಗೆ ತಗೊಂಡಿದ್ದೇವೆ. ನಿಮಗೂ ಶೆಡ್ ಬೇಕು.

ಎದುರು ಮನೆ, ಮೇಲಿನ ಮಹಡಿ:
ನೋಡಿ, ಅವರ ಮನೆಯವರೇ ಹೇಳಿದರು.

ನರ್ಸ್ ಅಕ್ಕ, ಮೂರನೇ ಕ್ರಾಸ್:
ಗಾಡಿ ಆಮೇಲೆ. ನನಗೆ ಭಯ ಇರುವುದು ಆ ಟೈರ್ ರಾಶಿ ಬಗ್ಗೆ. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಟಾರ್ಚ್ ಹಾಕಿ ನೋಡಿದೆ, ಮೇಲಿನ ಟೈರ್‌ನಲ್ಲಿ ನಿಂತ ನೀರಲ್ಲಿ ಹುಳುಗಳು ಕುಣಿಯುತ್ತಿವೆ, ಬೆಳಕು ಬಿದ್ದ ಕೂಡಲೇ ತಳಕ್ಕೆ ಇಳಿಯುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹಳೇ ಟೈರ್ ಅಂದರೆ ಅರಮನೆ. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ಅದು ಹಗಲು ಕಚ್ಚುತ್ತದೆ, ಶಾಲೆ ಮಕ್ಕಳು ಅದೇ ದಾರಿಯಲ್ಲಿ ಓಡಾಡುತ್ತಾರೆ. ನೀರು ಚೆಲ್ಲಿದರೆ ಮಾತ್ರ ಸಾಲದು, ಮೊಟ್ಟೆ ಟೈರ್ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದರೆ ಹುಟ್ಟುತ್ತದೆ. ಉಜ್ಜಿ ತೊಳೆದು, ಒಣಗಿಸಿ, ಮಾಡಿನ ಕೆಳಗೆ ಇಡಿ. ಭಾನುವಾರದ ತನಕ ಕಾಯಬೇಡಿ ಕಾಕಾ, ಇವತ್ತೇ.

ಸುಬೇದಾರ್ ಕಾಕಾ:
ಆಯ್ತವ್ವ. ಆ ಅಳತೆಯ ಟೈರ್ ಸಿಗುವುದು ಕಷ್ಟ ಅಂತ ಕೂಡಿಟ್ಟಿದ್ದೆ. ಈಗಲೇ ಇಳಿಸುತ್ತೇನೆ. ಯಾರಾದರೂ ಇಬ್ಬರು ಹುಡುಗರು ಬಂದರೆ ಬೇಗ ಆಗುತ್ತದೆ, ನಮ್ಮ ಮನೆಯಾಕೆ ಚುರುಮುರಿ ಮಾಡುತ್ತಾಳೆ.

ಲಾಯರ್, ಮೊದಲ ಕ್ರಾಸ್:
ಕಾಕಾ, ಕಾಗದಪತ್ರದ ಮಾತು. ಕಹಿ ಅನಿಸಬಹುದು. ಒಂದು, ಹಸಿರು ಬಣ್ಣ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯದ್ದು ಬಿಟ್ಟು ಬೇರೆ ಯಾರ ಗಾಡಿಗೂ ಆ ಆಲಿವ್ ಹಸಿರು ಹಚ್ಚುವ ಹಾಗಿಲ್ಲ. ಬಾನೆಟ್ ಮೇಲೆ ಉಳಿದಿರುವ ಬಾಣದ ಗುರುತಿನ ಸೈನ್ಯದ ನಂಬರನ್ನೂ ಅಳಿಸಿ. ಎರಡು, ನಿಮ್ಮ ಆರ್‌ಸಿ ಅವಧಿ ಮುಗಿದಿದೆ ಅಂದಿರಿ. ಹಾಗಾದರೆ ಮೂರನೇ ರೈಲ್ವೆ ಗೇಟ್ ತನಕವೂ ಓಡಿಸಬೇಡಿ. ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ.

ಇನ್ನು ಒಳ್ಳೆ ಸುದ್ದಿ. 2021ರಿಂದ ವಿಂಟೇಜ್ ನೋಂದಣಿ ಅಂತ ಬೇರೆಯೇ ಇದೆ. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು, ಎಂಜಿನ್-ಚಾಸಿಸ್-ಬಾಡಿ ದೊಡ್ಡದಾಗಿ ಬದಲಿಸಿರಬಾರದು. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಚಾಲ್ತಿ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ನಿಮ್ಮ ಗಾಡಿ ಸೈನ್ಯದಿಂದ ಹೊರಬಂದು ಮೊದಲ ಸಲ ಆರ್‌ಟಿಒದಲ್ಲಿ ನೋಂದಣಿ ಆದ ತಾರೀಖು ಯಾವುದು ಅನ್ನೋದರ ಮೇಲೆ ಪ್ರಶ್ನೆ ಏಳಬಹುದು, ಹರಾಜಿನಲ್ಲಿ ಕೊಟ್ಟ ಮಾರಾಟ ಪತ್ರ ಹುಡುಕಿಡಿ. ಆದರೆ ಒಂದು ಷರತ್ತು. ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು, ಅಷ್ಟಕ್ಕೇ.

ಸುಬೇದಾರ್ ಕಾಕಾ:
ಹಂಗಾದರೆ ಗಣಪತ್ ಗಲ್ಲಿಗೆ ಕಾಯಿಪಲ್ಲೆ ತರಲು ಹೋಗುವ ಹಾಗಿಲ್ಲ?

ಲಾಯರ್, ಮೊದಲ ಕ್ರಾಸ್:
ಇಲ್ಲ ಕಾಕಾ. ಲೀಟರ್‌ಗೆ ನಾಲ್ಕೈದು ಕಿಲೋಮೀಟರ್ ಕೊಡೋ ಗಾಡಿಯಲ್ಲಿ ಕೊತ್ತಂಬರಿ ತಂದರೆ ಕಾಕು ಏನಂತಾರೆ?

ಸುಬೇದಾರ್ ಕಾಕಾ:
ಬಣ್ಣದ ಮಾತು ಮಾತ್ರ ಎದೆಗೆ ಚುಚ್ಚಿತು. ಕಾನೂನು ಅಂದ ಮೇಲೆ ಮುಗಿಯಿತು. ಬೂದು ಹಚ್ಚುತ್ತೇನೆ.

ಟೀಚರ್ ಮೇಡಂ:
ಕಾಕಾ, ನಿಮ್ಮ ವರಾಂಡದಲ್ಲಿ ಸಾಲಾಗಿ ಇರುವ ಕ್ಯಾನ್‌ಗಳಲ್ಲಿ ಏನಿದೆ? ಪೆಟ್ರೋಲ್ ಆದರೆ ಪರವಾನಗಿ ಇಲ್ಲದೆ ಒಟ್ಟು 30 ಲೀಟರ್‌ಗಿಂತ ಜಾಸ್ತಿ ಇಡುವ ಹಾಗಿಲ್ಲ. ಪಕ್ಕದಲ್ಲೇ ನಮ್ಮ ಅಡುಗೆ ಸಿಲಿಂಡರ್ ಇದೆ. ನನಗೆ ಗಾಡಿ ಮೇಲೆ ದ್ವೇಷ ಇಲ್ಲ, ನಮ್ಮ ಹುಡುಗರು ಅದರ ಫೋಟೋ ತೆಗೆಸಿಕೊಂಡಿದ್ದಾರೆ. ಆದರೆ ಆ ಕ್ಯಾನ್ ನೋಡಿದರೆ ನಿದ್ದೆ ಬರಲ್ಲ.

ಸುಬೇದಾರ್ ಕಾಕಾ:
ಎರಡರಲ್ಲಿ ಮಾತ್ರ ಪೆಟ್ರೋಲ್, ಉಳಿದವು ಖಾಲಿ. ಆ ಎರಡನ್ನೂ ಮನೆಯಿಂದ ಆಚೆ ಕಳಿಸುತ್ತೇನೆ ಮೇಡಂ.

ಉದ್ಯಮಬಾಗ್ ಅಣ್ಣ:
ತಡವಾಗಿ ನೋಡಿದೆ, ಶಿಫ್ಟ್ ಇತ್ತು. ಎಣ್ಣೆ ವಿಷಯ ನಾನು ಹೇಳುತ್ತೇನೆ. ಮೊನ್ನೆ ಗಾಡಿ ಕೆಳಗೆ ರಟ್ಟು ಹಾಸಿ ಬಂದಿದ್ದೆ. ಮುಂದಿನ ಕಡೆ ಬಿದ್ದ ಹನಿ ಕರಿ, ತೆಳು, ಅದು ಎಂಜಿನ್ ಆಯಿಲ್, ಎರಡೇ ಚುಕ್ಕೆ. ಮಧ್ಯದಲ್ಲಿ ಬಿದ್ದದ್ದು ಅಂಗೈ ಅಗಲ, ಜೇನಿನ ಬಣ್ಣ, ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದ ಗಬ್ಬು. ಅದು ಗೇರ್ ಆಯಿಲ್. ಮುಂದಿನ-ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಸೀಲ್ ಹೋಗಿದೆ. ಸೀಲ್ ದೊಡ್ಡ ಖರ್ಚಲ್ಲ, ಆದರೆ ಅದು ಕೂರುವ ಶಾಫ್ಟ್ ಮೇಲೆ ಗೆರೆ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತದೆ. ಬಿಚ್ಚಿ, ಲೇತ್‌ಗೆ ಹಾಕಿ ಬುಶ್ ಕೂರಿಸಿ ಕೊಡುತ್ತೇನೆ. ಬೆಳಗಾವಿಯಲ್ಲಿ ಇದ್ದು ಈ ಕೆಲಸಕ್ಕೆ ಬೇರೆ ಊರು ನೋಡಿದರೆ ನಮ್ಮ ಉದ್ಯಮಬಾಗ್ ಕೈಗಾರಿಕಾ ಪ್ರದೇಶದ ಮಾನ ಹೋಗುತ್ತದೆ.

ನಮ್ಮ ಶೆಡ್ ಹಿಂದೆ ತಗಡಿನ ಮಾಡು ಇದೆ, ಗಾಡಿ ಅಲ್ಲಿ ನಿಲ್ಲಲಿ. ಬಾಡಿಗೆ ಮಾತು ಕಾಕಾ ಮತ್ತು ನಾನು ಆಡಿಕೊಳ್ಳುತ್ತೇವೆ. ನೆಲ ಸಿಮೆಂಟ್, ಕೆಳಗೆ ಟ್ರೇ ಇಡುತ್ತೇವೆ. ಹಳೇ ಎಣ್ಣೆಯನ್ನು ನಮ್ಮ ಎಣ್ಣೆ ಜೊತೆ ಅಧಿಕೃತವಾಗಿ ಒಯ್ಯುವವರಿಗೆ ಕೊಟ್ಟರಾಯಿತು. ಗಟಾರಕ್ಕೆ ಬಿಟ್ಟರೆ ಅದು ಬಳ್ಳಾರಿ ನಾಲಾ ಸೇರುತ್ತದೆ. ಅಲ್ಲಿಂದ ಮಳೆಗಾಲದಲ್ಲಿ ಉಕ್ಕಿ ವಡಗಾವಿ, ಯಳ್ಳೂರು ಕಡೆ ಭತ್ತದ ಗದ್ದೆಗೆ ನುಗ್ಗುತ್ತದೆ. ನಮ್ಮ ಮಾವನ ಹೊಲ ಅಲ್ಲೇ ಇದೆ, ಅದಕ್ಕೇ ಇಷ್ಟು ಉದ್ದ ಬರೆದೆ.

ಎದುರು ಮನೆ, ಮೇಲಿನ ಮಹಡಿ:
ಗಾಡಿ ಹೋಗುವುದಾದರೆ ನನ್ನ ಅರ್ಜಿ ಯಾಕೆ? ಹರಿದು ಹಾಕಲಾ?

ಅಡ್ಮಿನ್:
ಬೇಡ ಸರ್, ಇಟ್ಟುಕೊಳ್ಳಿ, ಸ್ವಲ್ಪ ತಿದ್ದೋಣ. ನಾನು ನಿನ್ನೆ ರಾತ್ರಿ ಎರಡನೇ ಕ್ರಾಸ್ ನಡೆದು ನೋಡಿದೆ. ಜೋಂಗಾ ಒಂದೇ ಅಲ್ಲ, ರಸ್ತೆಯ ಎರಡೂ ಬದಿ ಕಾರುಗಳು. ಗೇಟ್ ಒಳಗೆ ಜಾಗ ಇದ್ದರೂ ಅಲ್ಲಿ ಕುಂಡ ಇಟ್ಟು ಕಾರು ಹೊರಗೆ ನಿಲ್ಲಿಸಿದವರೂ ಇದ್ದಾರೆ, ಹೆಸರು ಹೇಳಲ್ಲ. ಜೋಂಗಾ ಹೋದ ಜಾಗಕ್ಕೆ ಮರುದಿನ ಇನ್ನೊಂದು ಕಾರು ಬಂದು ನಿಂತರೆ ಕಸದ ಗಾಡಿ ಆಗಲೂ ಬರಲ್ಲ, ಆಂಬ್ಯುಲೆನ್ಸ್ ಅಂತೂ ಬರಲ್ಲ. ಕಣ್ಣಿಗೆ ಎದ್ದು ಕಾಣುವುದು ಮಿಲಿಟರಿ ಗಾಡಿ, ಅದಕ್ಕೇ ಎಲ್ಲರ ಬೆರಳೂ ಅದರ ಕಡೆ. ಅರ್ಜಿಯಲ್ಲಿ ‘ಮಿಲಿಟರಿ ವಾಹನ ತೆರವು’ ಅನ್ನೋದನ್ನು ಹೊಡೆದು ಹಾಕಿ ಮೂರು ವಿಷಯ ಬರೆಯೋಣ: ಉತ್ತರ ಬದಿ ಮಾತ್ರ ಪಾರ್ಕಿಂಗ್ ಅಂತ ಗೆರೆ, ಗಟಾರ ಸ್ವಚ್ಛ, ಒಡೆದ ಚೇಂಬರ್ ಮುಚ್ಚಳ. ನಿಮ್ಮ ಕೈಬರಹ ಚೆನ್ನಾಗಿದೆ, ನೀವೇ ಬರೆಯಿರಿ.

ಎದುರು ಮನೆ, ಮೇಲಿನ ಮಹಡಿ:
ಉತ್ತರ ಬದಿ ಅಂದರೆ ನಮ್ಮ ಬದಿ ಅಲ್ವಾ? ದಕ್ಷಿಣ ಯಾಕೆ ಬೇಡ?

ಅಡ್ಮಿನ್:
ದಕ್ಷಿಣಕ್ಕೆ ಟ್ರಾನ್ಸ್‌ಫಾರ್ಮರ್ ಇದೆ ಸರ್. ಭಾನುವಾರ ನಿಂತು ನೋಡಿ ಮಾತಾಡೋಣ.

ಸುಬೇದಾರ್ ಕಾಕಾ:
ಗಾಡಿ ಒಯ್ಯುವ ಬಗ್ಗೆ. ಲಾಯರ್ ಸಾಹೇಬರು ಹೇಳಿದ ಹಾಗೆ ಓಡಿಸುವುದಿಲ್ಲ. ಹಗ್ಗ ಕಟ್ಟಿ ಎಳೆಯೋಣ ಅಂತ ಯಾರೂ ಬರಬೇಡಿ, ಬ್ರೇಕ್ ಅರ್ಧಂಬರ್ಧ ಇದೆ, ಇಳಿಜಾರಿನಲ್ಲಿ ಮುಂದಿನ ಗಾಡಿಗೆ ಹೋಗಿ ಗುದ್ದುತ್ತದೆ. ಲಾರಿ ಮೇಲೆ ಹೇರಿ ಒಯ್ಯೋಣ. ಗಾಲಿಗೆ ಕಟ್ಟಿಗೆ ಕೊಡಬೇಕು, ನಾಲ್ಕು ಮೂಲೆಗೂ ಚೈನ್ ಬಿಗಿಯಬೇಕು, ಬ್ಯಾಟರಿ ವೈರ್ ಬಿಚ್ಚಿರಬೇಕು. ಅದು ನನ್ನ ಕೆಲಸ, ಬೇರೆ ಯಾರೂ ಕೈ ಹಾಕಬೇಡಿ. ಬೆಳಿಗ್ಗೆ ಆರೂವರೆಗೆ. ಆಮೇಲೆ ಮೂರನೇ ಗೇಟ್ ಕಡೆ ಟ್ರಾಫಿಕ್ ಆಗುತ್ತದೆ.

ಉದ್ಯಮಬಾಗ್ ಅಣ್ಣ:
ಲಾರಿ ನಾನು ಹೇಳಿಡುತ್ತೇನೆ. ಡೀಸೆಲ್ ಕಾಕಾ ಹಾಕಿಸಬೇಕು.

ಅಡ್ಮಿನ್:
ಹಾಗಾದರೆ ಹೀಗೆ. ಶನಿವಾರ ರಾತ್ರಿಯೇ ಎರಡನೇ ಕ್ರಾಸ್‌ನವರೆಲ್ಲ ಕಾರು ಒಳಗೆ ಹಾಕಿಕೊಳ್ಳಿ, ಲಾರಿ ತಿರುಗಬೇಕು. ಕುಂಡ ಇಟ್ಟವರೂ ಸಹ. ಅರ್ಜಿ ಮೂಲೆ ಅಂಗಡಿಯಲ್ಲಿ ಇರುತ್ತದೆ, ಮನೆ ನಂಬರ್ ಹಾಕಿ ಸಹಿ ಮಾಡಿ, ಆಧಾರ್ ಪ್ರತಿ ಬೇಡ. ಟೈರ್ ತೊಳೆಯಲು ಬರುವ ಹುಡುಗರು ಇಲ್ಲೇ ಹೆಸರು ಹಾಕಿ.

ಮೂಲೆ ಅಂಗಡಿ:
ನಮ್ಮ ಇಬ್ಬರು ಹುಡುಗರು ಬರುತ್ತಾರೆ. ಬ್ರಷ್ ನಮ್ಮದು, ಸೋಪಿನ ಪುಡಿ ಕಾಕಾ ಖಾತೆಗೆ ಬರೆದಿದ್ದೇನೆ.