ಆ ಕೆಂಪು ಮಸ್ಟ್ಯಾಂಗ್ ಬಗ್ಗೆ, ತಮ್ಮನಿಗೂ ಚಿಕ್ಕಪ್ಪನಿಗೂ

ತಮ್ಮಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಫೋರ್ಡ್ ಮಸ್ಟ್ಯಾಂಗ್ ಕಾರಿನ ಫೋಟೊ ಎಲ್ಲ ನೋಡಿದೆ. 2017ರ ಜಿಟಿ ಮಾಡೆಲ್, ದೆಹಲಿ ನಂಬರ್, ಓಡಿರುವುದು ಬರೀ 19 ಸಾವಿರ ಕಿಲೋಮೀಟರ್, 40 ಲಕ್ಷ ಕೇಳುತ್ತಿದ್ದಾರೆ. ಅದರ ಕೆಳಗೆ ಚಿಕ್ಕಪ್ಪ ಒಂದೇ ಸಾಲು ಹಾಕಿದ್ದಾರೆ, 'ಇದು ಕೆಟ್ಟರೆ ರಿಪೇರಿಗೆ ಎಷ್ಟು ಬೀಳುತ್ತೆ' ಅಂತ. ಮೈಸೂರಿನಲ್ಲಿ ದಿನಾ ಗಾಡಿಗಳ ಎಸ್ಟಿಮೇಟ್ ಬರೆಯುವುದೇ ನನ್ನ ಕೆಲಸ ಅಲ್ವಾ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಪುರುಸೊತ್ತಾದಾಗ ಪೂರ್ತಿ ಕೇಳಿ. ನಾನು ಹೇಳುವ ದುಡ್ಡೆಲ್ಲ ಅಂದಾಜು, ಬಿಲ್ಲು ಅಂತ ತಿಳಿಯಬೇಡಿ.

ಚಿಕ್ಕಪ್ಪಾ, ಎಂಜಿನ್ ಬಗ್ಗೆ ನಿಮಗಿರುವಷ್ಟು ಭಯ ಬೇಡ. 5 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರ್. ಟರ್ಬೊ ಇಲ್ಲ. ಟೈಮಿಂಗಿಗೆ, ಅಂದರೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಲು, ಬೆಲ್ಟ್ ಅಲ್ಲ, ಚೈನ್ ಇದೆ. ಒಂದು ಸಲಕ್ಕೆ ಏಳೂವರೆ ಲೀಟರ್ ಆಯಿಲ್ ಕುಡಿಯುತ್ತದೆ, ಒಳ್ಳೆ ಸಿಂಥೆಟಿಕ್ ಹಾಕಿ ಫಿಲ್ಟರ್ ಬದಲಾಯಿಸಿದರೆ ಹತ್ತು ಹದಿನೈದು ಸಾವಿರ. ಅದನ್ನು ತಪ್ಪಿಸದಿದ್ದರೆ ಎಂಜಿನ್ ಬಹಳ ಕಾಲ ಬಾಳುತ್ತದೆ. ದುಡ್ಡು ಹೋಗುವುದು ಎಂಜಿನ್ನಿನ ಸುತ್ತ ಇರುವ ಸಾಮಾನಿಗೆ. ಅದಕ್ಕಿಂತ ಜಾಸ್ತಿ, ಗಾಡಿ ಸುಮ್ನೆ ನಿಂತಿದ್ದಕ್ಕೆ.

ತಮ್ಮಾ, ನೀನು ಹಿಗ್ಗುತ್ತಿರುವ ಆ 19 ಸಾವಿರವೇ ನನಗೆ ಯೋಚನೆ. ಇಷ್ಟು ವರ್ಷದಲ್ಲಿ ಅಷ್ಟೇ ಓಡಿದೆ ಅಂದರೆ ಹೆಚ್ಚಿನ ಕಾಲ ಎಲ್ಲೋ ಕವರ್ ಹೊದ್ದು ನಿಂತಿದೆ. ನಿಂತ ಗಾಡಿಯಲ್ಲಿ ರಬ್ಬರ್ ಗಟ್ಟಿಯಾಗುತ್ತದೆ, ಸೀಲ್ ಒಣಗುತ್ತದೆ, ಬ್ಯಾಟರಿ ಸಾಯುತ್ತದೆ, ಬ್ರೇಕ್ ಆಯಿಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಟೈರಿನ ಪಟ್ಟಿ ಹೊಸದರ ಹಾಗೆ ಕಂಡರೂ ಒಳಗೆ ವಯಸ್ಸಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಲ್ಲಿ 17 ಅಂತ ಇದ್ದರೆ ನಾಲ್ಕೂ ಟೈರ್ ಬಿಸಾಡುವ ಲೆಕ್ಕ. 19 ಇಂಚಿನವು, ಹಿಂದಿನದು ಮುಂದಿನದಕ್ಕಿಂತ ಅಗಲ. ಒಂದು ಲಕ್ಷದಿಂದ ಒಂದೂವರೆ ಲಕ್ಷ. ನಮ್ಮ ಕೊಡಗಿನ ಸಂಪಾಜೆ ಘಾಟಿಯಲ್ಲಿ ಜುಲೈ ಮಳೆಗೆ 400 ಕುದುರೆ ಶಕ್ತಿ ಹಿಂದಿನ ಚಕ್ರಕ್ಕೆ ಮಾತ್ರ ಹೋಗುವ ಗಾಡಿಯನ್ನು ಹಳೇ ಟೈರಿನಲ್ಲಿ ಇಳಿಸಲು ನಾನಂತೂ ಬಿಡುವುದಿಲ್ಲ.

ಘಾಟಿ ಅಂದಾಗ ಕೂಲಿಂಗ್ ವಿಷಯ ಹೇಳಲೇಬೇಕು. ದೆಹಲಿಯ ಸಪಾಟು ರಸ್ತೆಯಲ್ಲಿ ಕಾಣದ ತೊಂದರೆ ನಮ್ಮಲ್ಲಿ ಲಾರಿ ಹಿಂದೆ ಫಸ್ಟು ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಕಾಣುತ್ತದೆ. ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್, ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ತುಂಬುವ ಪ್ಲಾಸ್ಟಿಕ್ ಡಬ್ಬ, ವಯಸ್ಸಾದಂತೆ ಸೋರುವುದು ಇವೇ. ಬಾನೆಟ್ ಎತ್ತಿದಾಗ ಟಾರ್ಚ್ ಹಿಡಿದು ಪಂಪಿನ ಕೆಳಗೆ ನೋಡು. ಹಸಿ ಇರಬೇಕೆಂದಿಲ್ಲ. ಉಪ್ಪು ಒಣಗಿದಂತೆ ಪುಡಿ ಅಂಟಿಕೊಂಡಿದ್ದರೆ ಅಲ್ಲಿಂದ ಕೂಲೆಂಟ್ ಹೋಗಿದೆ ಅಂತಲೇ ಅರ್ಥ. ಪಂಪ್, ಥರ್ಮೋಸ್ಟಾಟ್, ಹೋಸ್ ಒಟ್ಟಿಗೆ ಹಾಕಿಸಿದರೆ ಕೂಲಿ ಸೇರಿ ಅರ್ಧ ಲಕ್ಷದ ಆಸುಪಾಸು. ಅದನ್ನು ಉಳಿಸಲು ಹೋಗಿ ಕಾದ ಎಂಜಿನ್ನನ್ನು ಮನೆವರೆಗೆ ಓಡಿಸಿದರೆ ಕಥೆ ಮುಗಿಯಿತು. ಬ್ಲಾಕೂ ಅಲ್ಯೂಮಿನಿಯಂ, ಹೆಡ್ಡೂ ಅಲ್ಯೂಮಿನಿಯಂ. ಹೆಡ್ ಬಾಗಿದರೆ ಆಮೇಲೆ ಲಕ್ಷಗಳಲ್ಲೇ ಮಾತು. ಬಿಸಿ ತೋರಿಸುವ ಮುಳ್ಳು ಮೇಲೇರುವುದು ಕಂಡ ಕೂಡಲೇ ಬದಿಗೆ ನಿಲ್ಲಿಸುವುದೇ ದಾರಿ.

ಗೇರ್‌ಬಾಕ್ಸ್ ನಾನು ಎಲ್ಲಕ್ಕಿಂತ ಗಮನ ಕೊಡುವ ಜಾಗ. ನಮ್ಮ ದೇಶಕ್ಕೆ ಬಂದದ್ದು 6 ಗೇರಿನ ಆಟೊಮ್ಯಾಟಿಕ್. 'ಇದರ ಆಯಿಲ್ ಬದಲಾಯಿಸುವುದೇ ಬೇಡ, ಲೈಫ್‌ಟೈಮ್' ಅಂತ ಮಾರುವವರು ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ಹತ್ತುವುದು ಇಳಿಯುವುದೇ ಜಾಸ್ತಿ ಇರುವ ಕಡೆ ಆ ಆಯಿಲ್ ಬೇಗ ಕಾಯುತ್ತದೆ, ಬೇಗ ಕಪ್ಪಾಗುತ್ತದೆ. ಟೆಸ್ಟ್ ಡ್ರೈವಿನಲ್ಲಿ ಪಿಕಪ್ ನೋಡುವ ಆಸೆ ಮೊದಲು ಬದಿಗಿಡು. ಮೆಲ್ಲಗೆ ಓಡಿಸಿ ಎರಡರಿಂದ ಮೂರಕ್ಕೆ ಹೋಗುವಾಗ ಜರ್ಕ್ ಇದೆಯಾ, ಆರ್‌ಪಿಎಂ ಸುಮ್ನೆ ಮೇಲೆ ಹಾರುತ್ತದಾ ಗಮನಿಸು. ನಿಲ್ಲಿಸಿ ಡಿ (ಮುಂದಕ್ಕೆ) ಇಂದ ಆರ್‌ಗೆ (ರಿವರ್ಸ್) ಹಾಕಿದಾಗ ದಡಕ್ ಅಂತ ಹೊಡೆಯಬಾರದು. ಬಾನೆಟ್ ಎತ್ತಿ ಎಳೆದು ನೋಡುವಂಥ ಡಿಪ್‌ಸ್ಟಿಕ್ ಇದಕ್ಕಿಲ್ಲ. ಗಾಡಿ ಲಿಫ್ಟಿಗೆ ಏರಿಸಿ, ಆಯಿಲ್ ಎಷ್ಟು ಬಿಸಿ ಇದೆ ಅಂತ ಸ್ಕ್ಯಾನರಿನಲ್ಲಿ ನೋಡಿಕೊಂಡು ಕೆಳಗಿಂದ ಅಳೆಯಬೇಕು. ನಮ್ಮೂರ ಗ್ಯಾರೇಜಿನವರು ಜೀಪನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾರೆ, ಅವರ ಕೈ ಬಗ್ಗೆ ನನಗೆ ಗೌರವ ಇದೆ. ಆದರೆ ಈ ಕೆಲಸಕ್ಕೆ ಬೇಕಾದ ಸ್ಕ್ಯಾನರ್ ಅವರ ಹತ್ತಿರ ಇರುವುದಿಲ್ಲ. ಆಯಿಲ್, ಫಿಲ್ಟರ್ ಸೇರಿ ಮೂವತ್ತರಿಂದ ಐವತ್ತು ಸಾವಿರ ಇಟ್ಟುಕೊಳ್ಳಿ.

ಸಣ್ಣ ಸಾಮಾನು ಸಿಗುವುದೇ ದೊಡ್ಡ ತಲೆನೋವು. ಈ ಗಾಡಿ 2016ರಲ್ಲಿ ಇಲ್ಲಿಗೆ ಬಂದಾಗ ಎಕ್ಸ್-ಶೋರೂಮ್ 65 ಲಕ್ಷ, ಪೂರ್ತಿ ಗಾಡಿಯೇ ಅಮೆರಿಕದಿಂದ ಹಡಗಿನಲ್ಲಿ ಬಂತು. 2021ರಲ್ಲಿ ಫೋರ್ಡ್ ಇಲ್ಲಿ ಗಾಡಿ ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಸರ್ವಿಸ್ ಇದೆ, ಇಲ್ಲ ಅಂತಲ್ಲ. ಆದರೆ ಹೆಡ್‌ಲೈಟೋ ಸೆನ್ಸರೋ ಹೋದರೆ ಹೊರಗಿನಿಂದ ತರಿಸಬೇಕು, ಸುಂಕ, ಜಿಎಸ್‌ಟಿ, ಸಾಗಣೆ ಎಲ್ಲ ಸೇರುತ್ತದೆ, ವಾರಗಟ್ಟಲೆ ಕಾಯಬೇಕು. ಮಡಿಕೇರಿಯಲ್ಲಿ ಗಾಡಿ ನಿಂತರೆ ಫ್ಲಾಟ್‌ಬೆಡ್‌ನಲ್ಲೇ ಹೊರಬೇಕು. ಮೈಸೂರಿಗೇ 120 ಕಿಲೋಮೀಟರ್, ಬೆಂಗಳೂರಾದರೆ ಅದರ ಎರಡರಷ್ಟು. ರಿಪೇರಿ ಬಿಲ್ಲಿನಲ್ಲಿ ಬರದ ಖರ್ಚು ಇದು.

ಇನ್ನು ಮಳೆಗಾಲ. ಕಳೆದ ವರ್ಷ ತೋಟದ ಶೆಡ್ಡಿನಲ್ಲಿ ಮಳೆ ಕಳೆದ ಒಂದು ಪೆಟ್ರೋಲ್ ಗಾಡಿ ನಮ್ಮಲ್ಲಿಗೆ ಬಂತು, ಸ್ಟಾರ್ಟ್ ಆದರೂ ನಡುಗುತ್ತಿತ್ತು. ಎಂಜಿನ್ ಮೇಲಿನ ಕವರ್ ತೆಗೆದರೆ ಒಳಗೆ ಇಲಿಗೂಡು. ಒಣ ಕಾಫಿ ಎಲೆ, ಗೋಣಿನಾರು, ಸೀಟಿನ ಸ್ಪಂಜು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಹೋಗುವ ವಯರ್‌ಗಳ ಮೇಲಿನ ಸಿಪ್ಪೆ ಕಡಿದು ತಾಮ್ರ ಹೊಳೆಯುತ್ತಿತ್ತು. ಹುಡುಗರು ಒಂದೊಂದೇ ವಯರ್ ಹುಡುಕಿ ಬೆಸೆಯಲು ದಿನಗಟ್ಟಲೆ ಕೂತರು. ಮಸ್ಟ್ಯಾಂಗಿನ ಪೂರ್ತಿ ವಯರಿಂಗ್ ಹೊಸದು ತರಿಸುವುದನ್ನು ನೆನೆಸಿಕೊಳ್ಳಲೂ ಇಷ್ಟವಿಲ್ಲ ನನಗೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲ್, ಅದೂ ತೇವ ಎಳೆಯುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡುವಂಥದ್ದಲ್ಲ. ಅದಕ್ಕೇ ಹೇಳುವುದು, ತೆಗೆದುಕೊಂಡರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಸೋಮವಾರಪೇಟೆಯಲ್ಲಿ ಬೇಡ. ಮೈಸೂರಿನ ನಮ್ಮ ಮನೆ ಕೆಳಗೆ ಜಾಗ ಇದೆ, ನಾನೇ ವಾರಕ್ಕೊಮ್ಮೆ ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸುತ್ತೇನೆ.

ಬಾನೆಟ್ ಅಲ್ಯೂಮಿನಿಯಂದು. ಮುಂದಿನ ಅಂಚಿನ ಒಳಮಡಿಕೆಯಲ್ಲಿ ಪೇಂಟ್ ಗುಳ್ಳೆ ಏಳುವುದು ಈ ಗಾಡಿಯ ಹಳೇ ಕಾಯಿಲೆ. ಬೆರಳು ಆಡಿಸಿ ನೋಡು, ಗುಳ್ಳೆ ಸಿಕ್ಕರೆ ಬೆಲೆ ಇಳಿಸಲು ಅದೊಂದು ಕಾರಣ. ಕಿಡಿ ಕೊಡುವ ಪ್ಲಗ್ ಎಂಟು, ಅವಕ್ಕೆ ಕರೆಂಟ್ ಕೊಡುವ ಕಾಯಿಲ್ ಎಂಟು ಅನ್ನುವುದನ್ನೂ ಮರೆಯಬೇಡ. ಚೆಕ್ ಎಂಜಿನ್ ದೀಪ ಮಿಣಮಿಣ ಅಂದರೆ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ), ಹಾಗೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ.

ಚಿಕ್ಕಪ್ಪಾ, ಟ್ಯಾಕ್ಸ್ ವಿಷಯ ನಿಮಗೆ. ದೆಹಲಿ ನಂಬರ್ ತೆಗೆದು ಕೊಡಗಿನ ಕೆಎ 12 ಮಾಡಿಸಬೇಕಾದರೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಗಾಡಿಗೆ ನಮ್ಮ ರಾಜ್ಯದಲ್ಲಿ 18 ಪರ್ಸೆಂಟ್, ಮೇಲೆ ಸೆಸ್. ವಯಸ್ಸಿಗೆ ತಕ್ಕಂತೆ ಕಡಿಮೆ ಆಗುತ್ತದೆ, ಆದರೂ ಲಕ್ಷಗಳಲ್ಲೇ ಇರುತ್ತದೆ. ಮಡಿಕೇರಿ ಆರ್‌ಟಿಒದಲ್ಲಿ ಲೆಕ್ಕ ಬರೆಸಿಕೊಂಡ ಮೇಲೇ ಅಡ್ವಾನ್ಸ್ ಕೊಡಿ. ಟ್ಯಾಕ್ಸ್ ಬಿಟ್ಟು, ಮೊದಲ ವರ್ಷಕ್ಕೆ ನಾಲ್ಕೈದು ಲಕ್ಷ ಬೇರೆಯಾಗಿ ಎತ್ತಿಡಿ. ಅದು ಕೈಯಲ್ಲಿ ಇಲ್ಲದಿದ್ದರೆ ಈ ಗಾಡಿ ಬೇಡ ಅಂತಲೇ ನನ್ನ ಮಾತು. ಇದ್ದರೆ ನಾನು ಅಡ್ಡ ಬರುವುದಿಲ್ಲ. ಚಿಕ್ಕಂದಿನಿಂದ ತಮ್ಮನು ಆಸೆಪಟ್ಟ ಗಾಡಿ ಇದು, ನನಗೂ ಗೊತ್ತು.

ತಮ್ಮಾ, ಅವರಿಗೆ ಫೋನ್ ಮಾಡಿ ನೀನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಹೇಳು. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡು. ಬೆಚ್ಚಗಿದ್ದರೆ ಮೊದಲೇ ಓಡಿಸಿದ್ದಾರೆ ಅಂತ, ಇನ್ನೊಂದು ದಿನ ಬರುತ್ತೇನೆ ಅನ್ನು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ಒಂದು ನಿಮಿಷದ ಶಬ್ದ ರೆಕಾರ್ಡ್ ಮಾಡಿ ನನಗೆ ಕಳಿಸು, ಚೈನ್ ಕಡೆಯಿಂದ ಗಲಗಲ ಬರುತ್ತದಾ ಕೇಳಬೇಕು. ಜೊತೆಗೆ ಚಾಸಿ ನಂಬರ್, ಸರ್ವಿಸ್ ಪುಸ್ತಕದ ಪ್ರತಿ ಪುಟದ ಫೋಟೊ. ಸರ್ವಿಸ್ ರೆಕಾರ್ಡ್ ತಾಳೆಯಾದರೆ ಭಾನುವಾರ ನಾನೂ ಬರುತ್ತೇನೆ, ಲಿಫ್ಟ್ ಇರುವ ಕಡೆ ಒಯ್ದು ಕೆಳಗಿಂದ ನೋಡೋಣ.