ಹಳೆಯ ಕಪಾಟಿಗೆ ಬಳಿದ ಬಿಳಿ ಬಣ್ಣ ಹಕ್ಕಳೆಯಾಗಿ ಏಳುತ್ತಿದೆ, ಜೊತೆಗೆ ಕಂದು ಕಲೆಯೂ ಮೂಡುತ್ತಿದೆ

ಪ್ರಶ್ನೆ

ನಮಸ್ಕಾರ. ನಮ್ಮ ಅಜ್ಜಿ ಬಳಸುತ್ತಿದ್ದ ಎದೆಯೆತ್ತರದ ಮರದ ಕಪಾಟೊಂದು ಹಲವು ವರ್ಷಗಳಿಂದ ಮೂಲೆಯಲ್ಲಿ ನಿಂತು ಮಂಕಾಗಿತ್ತು. ಅದನ್ನು ಹೊರಗೆ ಹಾಕಲು ಮನಸ್ಸಾಗದೆ, ಬಿಳಿ ಬಣ್ಣ ಬಳಿದು ಪುಸ್ತಕ ಇಡಲು ಬಳಸೋಣವೆಂದು ನಿರ್ಧರಿಸಿದೆ. ಹೊರಮೈಯಲ್ಲಿ ಹೊಳೆಯುವ ಗಾಢ ಕಂದು ಪಾಲಿಶ್ ಇತ್ತು. ಒಳಗಿನ ಅಡ್ಡಹಲಗೆಗಳಿಗೆ ಯಾವ ಕಾಲದಲ್ಲೋ ಹಳದಿ ಎನಾಮಲ್ ಬಳಿದಿದ್ದರು. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಒಣಗಿದ ಮೇಲೆ ಹೊರಮೈಗೆ ಮಾತ್ರ ನೀರು ಬೆರೆಸುವ ಅಕ್ರಿಲಿಕ್ ಬಣ್ಣವನ್ನು ಎರಡು ಕೋಟ್ ಬಳಿದೆ.

ನಾಲ್ಕನೆಯ ದಿನ ಬಾಗಿಲಿನ ಅಂಚಿಗೆ ಉಗುರು ತಗುಲಿದಾಗ ಅಂಗೈಯಗಲದ ಬಣ್ಣ ಒಂದೇ ಪೊರೆಯಾಗಿ ಸುಲಿದು ಬಂತು. ಇದಲ್ಲದೆ ಹಿಡಿಕೆಯ ಸುತ್ತ, ಕೆಳಗಿನ ಅಂಚಿನಲ್ಲಿ ಮತ್ತು ಮರದ ಎರಡು ಗಂಟುಗಳ ಮೇಲೆ ಹಳದಿ ಮಿಶ್ರಿತ ಕಂದು ಕಲೆಗಳು ಮೂಡಿವೆ. ಅದನ್ನು ಮುಚ್ಚಲು ಮೂರನೆಯ ಕೋಟ್ ಬಳಿದೆ. ಮರುದಿನ ಬೆಳಿಗ್ಗೆ ಕಲೆ ಮತ್ತೆ ಅಲ್ಲಿಯೇ ಇತ್ತು. ಬಣ್ಣವೇ ಕಳಪೆಯೋ, ನಾನು ಬಳಿದ ಕ್ರಮವೇ ತಪ್ಪೋ ತಿಳಿಯುತ್ತಿಲ್ಲ. ಬೇರೆ ಬಣ್ಣ ತರಬೇಕೇ?

ಉತ್ತರ 1

ಬೇರೆ ಬಣ್ಣ ತರುವ ಮೊದಲು ಸುಲಿದು ಬಂದ ಆ ಪೊರೆಯ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಅದು ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ, ಹೊಸ ಬಣ್ಣಕ್ಕೆ ಕೆಳಗಿನ ಪಾಲಿಶ್ ಮೇಲೆ ಹಿಡಿತವೇ ಸಿಕ್ಕಿಲ್ಲ ಎಂದು ಅರ್ಥ. ಹಿಂಬದಿಗೆ ಕಂದು ಪುಡಿ ಅಥವಾ ಹಳೆಯ ಪಾಲಿಶಿನ ಚೂರುಗಳು ಅಂಟಿಕೊಂಡಿದ್ದರೆ, ಹೊಸ ಬಣ್ಣ ಸರಿಯಾಗಿಯೇ ಹಿಡಿದಿದೆ, ಮರವನ್ನು ಬಿಟ್ಟು ಏಳುತ್ತಿರುವುದು ಹಳೆಯ ಪದರ. ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ. ಈ ಒಂದು ಪರೀಕ್ಷೆಯನ್ನು ಬಿಟ್ಟು ಮುಂದೆ ಹೋದವರು ಅದೇ ಕೆಲಸವನ್ನು ಎರಡು ಸಲ ಮಾಡುವುದನ್ನು ಬಹಳ ಕಂಡಿದ್ದೇನೆ.

ಎರಡನೆಯದಾಗಿ, ಕಪಾಟಿನ ಹಿಂಭಾಗದಲ್ಲಿ ಕಣ್ಣಿಗೆ ಬೀಳದ ಕಡೆ, ಹಳೆಯ ಪಾಲಿಶ್ ಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಪಾಲಿಶ್ ಕರಗಿ ಅಂಟಂಟಾದರೆ ಅದು ಅರಗಿನಿಂದ ಮಾಡಿದ ಶೆಲ್ಲಾಕ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮಾತ್ರ ಕರಗಿದರೆ ಲ್ಯಾಕರ್. ಎರಡಕ್ಕೂ ಕರಗದಿದ್ದರೆ ಎಣ್ಣೆಯ ವಾರ್ನಿಷ್ ಅಥವಾ ಪಾಲಿಯುರೆಥೇನ್ ಇರಬಹುದು. ಎರಡೂ ಪರೀಕ್ಷೆಗಳ ಫಲವನ್ನು ತಿಳಿಸಿ.

ಪ್ರಶ್ನೆ ಕೇಳಿದವರು

ಪೊರೆಯ ಹಿಂಬದಿ ಪೂರ್ತಿ ನುಣುಪಾಗಿದೆ. ಪಾಲಿಶ್ ಮೇಲಿದ್ದ ಸಣ್ಣ ಗೀರುಗಳ ಅಚ್ಚು ಕೂಡ ಅದರಲ್ಲಿ ಕಾಣುತ್ತದೆ. ಸ್ಪಿರಿಟ್ ಹತ್ತಿ ಒತ್ತಿದ ಜಾಗ ಅಂಟಂಟಾಯಿತು, ಹತ್ತಿಗೆ ಕೆಂಗಂದು ಬಣ್ಣ ಹತ್ತಿತು. ಅಜ್ಜಿ ಆಗಾಗ ಕಪಾಟಿಗೆ ಮೇಣದ ಪಾಲಿಶ್ ತಿಕ್ಕುತ್ತಿದ್ದರೆಂದು ಮನೆಯವರು ಈಗ ನೆನಪಿಸಿಕೊಂಡರು.

ಉತ್ತರ 1

ಹಾಗಾದರೆ ವಿಷಯ ಸ್ಪಷ್ಟವಾಯಿತು. ನಿಮ್ಮ ಬಣ್ಣದಲ್ಲಿ ದೋಷವಿಲ್ಲ. ಬಣ್ಣ ಕುಳಿತಿರುವುದು ಮರದ ಮೇಲೂ ಅಲ್ಲ, ಪಾಲಿಶ್ ಮೇಲೂ ಅಲ್ಲ. ವರ್ಷಗಳಿಂದ ಸೇರುತ್ತಾ ಬಂದ ಮೇಣದ ಮೇಲೆ. ಒದ್ದೆ ಬಟ್ಟೆಯಿಂದ ಧೂಳು ಹೋಗುತ್ತದೆಯೇ ಹೊರತು ಮೇಣ ಹೋಗುವುದಿಲ್ಲ.

ಕಲೆಯ ಕಾರಣ ಬೇರೆ. ಮರದಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶವಿರುತ್ತದೆ, ಅದು ನೀರಿನಲ್ಲಿ ಕರಗುತ್ತದೆ. ಪಾಲಿಶ್ ಗಟ್ಟಿಯಾಗಿರುವ ಕಡೆ ಬಣ್ಣದ ನೀರು ಮರವನ್ನು ಮುಟ್ಟುವುದಿಲ್ಲ. ಆದರೆ ಕೈಯಾಡಿ ಸವೆದ ಹಿಡಿಕೆಯ ಸುತ್ತ ಮತ್ತು ನೆಲ ಒರೆಸುವಾಗ ನೆನೆದು ಬಿರಿದ ಕೆಳಗಿನ ಅಂಚಿನಲ್ಲಿ ನೀರು ಒಳಗಿಳಿದು, ಟ್ಯಾನಿನನ್ನು ಕರಗಿಸಿಕೊಂಡು, ತಾನು ಆರುವಾಗ ಅದನ್ನು ಮೇಲ್ಮೈಗೆ ತಂದುಬಿಡುತ್ತದೆ. ನೀವು ಹೇಳಿದ ಜಾಗಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ. ಗಂಟುಗಳಲ್ಲಿ ಇದರ ಜೊತೆಗೆ ಮರದ ರಾಳವೂ ಇರುತ್ತದೆ. ನೀರಿನ ಬಣ್ಣದ ಇನ್ನೊಂದು ಕೋಟ್ ಎಂದರೆ ಅದೇ ಜಾಗಕ್ಕೆ ಇನ್ನಷ್ಟು ನೀರು ಕುಡಿಸಿದಂತೆ. ಆದ್ದರಿಂದಲೇ ಮೂರನೆಯ ಕೋಟ್‌ನಲ್ಲಿಯೂ ಕಲೆ ಮರಳಿ ಬಂತು.

ಈಗ ಸಡಿಲವಾಗಿರುವ ಬಣ್ಣವನ್ನೆಲ್ಲ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಎಬ್ಬಿಸಿ ತೆಗೆಯಿರಿ. ಬಿಗಿಯಾಗಿ ಕಾಣುವ ಭಾಗವನ್ನು ಉಳಿಸಿಕೊಳ್ಳುವ ಆಸೆ ಬೇಡ, ಅದರ ಕೆಳಗೂ ಅದೇ ಮೇಣವಿದೆ. ನಂತರ ಖನಿಜ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಮೇಣ ಅದರಲ್ಲಿ ಕರಗುತ್ತದೆ, ಶೆಲ್ಲಾಕ್ ಕರಗುವುದಿಲ್ಲ. ಒಂದೇ ಬಟ್ಟೆಯಿಂದ ಒರೆಸುತ್ತಾ ಹೋದರೆ ಮೇಣವನ್ನು ಅಲ್ಲಿಂದ ಇಲ್ಲಿಗೆ ಸವರಿದಂತಾಗುತ್ತದೆ, ಆದ್ದರಿಂದ ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೆ ಮೇಲಿಂದ ಮೇಲೆ ಬಟ್ಟೆ ಬದಲಿಸಿ. ಕಿಟಕಿಗಳನ್ನು ತೆರೆದಿಡಿ, ಹತ್ತಿರ ಬೆಂಕಿ ಇರಬಾರದು, ಬಳಸಿದ ಬಟ್ಟೆಗಳನ್ನು ಮುದ್ದೆ ಮಾಡದೆ ಹೊರಗೆ ಹರವಿ ಒಣಗಿಸಿ. ಆಮೇಲೆ ಸೌಮ್ಯ ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ, ಬರಿ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಪೂರ್ತಿ ಒಣಗಲು ಬಿಡಿ.

220 ನಂಬರಿನ ಉಜ್ಜುಕಾಗದದಿಂದ ಮರದ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಹೊಳಪು ಸತ್ತು ಮೇಲ್ಮೈ ಸಮನಾಗಿ ಮಬ್ಬಾದರೆ ಸಾಕು. ಬಿರುಸಾಗಿ ಉಜ್ಜಿದರೆ ಶೆಲ್ಲಾಕ್ ಬಿಸಿಗೆ ಮೆತ್ತಗಾಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಧೂಳು ತೆಗೆದು, ಮೇಣ ತೆಗೆದ ಶೆಲ್ಲಾಕ್‌ನಿಂದ ತಯಾರಾದ, ಕಲೆ ತಡೆಯುವ ಬಿಳಿ ಪ್ರೈಮರನ್ನು ಒಂದು ಕೋಟ್ ಬಳಿಯಿರಿ. ಗಂಟುಗಳ ಮೇಲೆ ಎರಡು ಕೋಟ್ ಇರಲಿ. ನಿಮ್ಮ ಹಳೆಯ ಪಾಲಿಶ್ ಕೂಡ ಶೆಲ್ಲಾಕ್ ಆಗಿರುವುದರಿಂದ, ಹೊಸ ಪ್ರೈಮರಿನ ಸ್ಪಿರಿಟ್ ಅದರ ಮೇಲ್ಪದರವನ್ನು ತುಸು ಕರಗಿಸಿ ಎರಡನ್ನೂ ಬೆಸೆಯುತ್ತದೆ. ಇಂಥ ಹಿಡಿತ ಬೇರೆ ಪ್ರೈಮರಿನಿಂದ ಸಿಗುವುದು ಕಷ್ಟ. ಆದರೆ ಒಂದೇ ಜಾಗದಲ್ಲಿ ಬ್ರಷ್ಷನ್ನು ಹಿಂದೆ ಮುಂದೆ ಆಡಿಸಬೇಡಿ. ಪಾಲಿಶಿನ ಕೆಂಗಂದು ಬಣ್ಣ ಮೇಲಕ್ಕೆ ಎದ್ದು ಪ್ರೈಮರ್ ಗುಲಾಬಿಯಾದೀತು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನವೂ ಬೇಡ.

ಇಡೀ ಕಪಾಟಿಗೆ ಬಣ್ಣ ಬಳಿಯುವ ಮೊದಲು ಒಂದು ಗಂಟಿನ ಮೇಲೆ ಮಾತ್ರ ಬಿಳಿ ಬಣ್ಣ ಬಳಿದು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆ ಕಲೆ ಇಲ್ಲದಿದ್ದರೆ ಮುಂದುವರಿಯಬಹುದು.

ಉತ್ತರ 2

ಮೇಲಿನ ಸಲಹೆ ಸರಿಯಾಗಿದೆ. ಆದರೂ ನಾನಾಗಿದ್ದರೆ ಹಳೆಯ ಪಾಲಿಶನ್ನೆಲ್ಲ ಉಜ್ಜಿ ತೆಗೆದು ಬರಿ ಮರದಿಂದಲೇ ಶುರು ಮಾಡುತ್ತಿದ್ದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಒಳಗಿನ ಹಳದಿ ಎನಾಮಲನ್ನು ದಯವಿಟ್ಟು ಒಣದಾಗಿ ಉಜ್ಜಬೇಡಿ. ಹಿಂದಿನ ಕಾಲದ ಎಣ್ಣೆ ಬಣ್ಣಗಳಲ್ಲಿ, ಅದರಲ್ಲೂ ಹಳದಿ ಮತ್ತು ಕಿತ್ತಳೆ ಬಣ್ಣಗಳಲ್ಲಿ, ಸೀಸದ ಕ್ರೋಮೇಟ್ ಬಳಸುತ್ತಿದ್ದರು. ಇಂದು ಅನೇಕ ದೇಶಗಳಲ್ಲಿ ಬಣ್ಣದಲ್ಲಿ ಸೀಸದ ಮಿತಿ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ. ಹಳೆಯ ಬಣ್ಣಗಳಲ್ಲಿ ಇದರ ನೂರಾರು ಪಟ್ಟು ಸೀಸ ಇರಬಹುದು. ಉಜ್ಜಿದ ಧೂಳು ನೆಲಕ್ಕಿಳಿದು ಮಕ್ಕಳ ಕೈ ಮೂಲಕ ಬಾಯಿಗೆ ಹೋಗುತ್ತದೆ, ಮಕ್ಕಳ ಮಿದುಳಿಗೆ ಅದರಿಂದ ಆಗುವ ಹಾನಿ ಮರಳಿ ಸರಿಹೋಗುವುದಿಲ್ಲ.

ಉತ್ತರ 1

ಸೀಸದ ಎಚ್ಚರಿಕೆಯನ್ನು ನಾನೇ ಮೊದಲು ಹೇಳಬೇಕಿತ್ತು, ನೆನಪಿಸಿದ್ದಕ್ಕೆ ಧನ್ಯವಾದ. ಆ ಎನಾಮಲ್ ಬಿಗಿಯಾಗಿದ್ದರೆ ಅದನ್ನು ಮುಟ್ಟದೆ, ಮೇಲೆ ದಪ್ಪ ಕಾಗದ ಹಾಸಿ ಬಳಸುವುದೇ ಒಳ್ಳೆಯದು. ಏಳುತ್ತಿದ್ದರೆ ಮೊದಲು ಸೀಸದ ಪರೀಕ್ಷೆ ಮಾಡಿಸಿ, ಆಮೇಲೆ ಉಳಿದದ್ದು.

ಬರಿ ಮರದವರೆಗೆ ಉಜ್ಜುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಳೆಯ ಕಪಾಟುಗಳ ಬಾಗಿಲುಗಳಲ್ಲಿ ಒಂದು ಮಿಲಿಮೀಟರಿಗಿಂತ ತೆಳುವಾದ ಒಳ್ಳೆಯ ಮರದ ಹಾಳೆಯನ್ನು ಅಂಟಿಸಿರುವುದುಂಟು. ಯಂತ್ರದಿಂದ ಉಜ್ಜಿದರೆ ಅದು ಕ್ಷಣದಲ್ಲಿ ತೂತಾಗುತ್ತದೆ. ಹಾಗಿಲ್ಲದಿದ್ದರೂ, ಬರಿ ಮರವನ್ನು ತೆರೆದಷ್ಟೂ ಟ್ಯಾನಿನ್ ಹೊರಬರುವ ದಾರಿಗಳೇ ಹೆಚ್ಚುತ್ತವೆ. ಗಟ್ಟಿಯಾಗಿ ಕುಳಿತಿರುವ ಹಳೆಯ ಶೆಲ್ಲಾಕ್ ನಿಮಗೆ ಆಗಲೇ ಸಿಕ್ಕಿರುವ ತಡೆಗೋಡೆ, ಅದನ್ನು ಕೆಡವಬೇಡಿ.

ಪ್ರಶ್ನೆ ಕೇಳಿದವರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬಣ್ಣವೆಲ್ಲ ಹಾಳೆ ಹಾಳೆಯಾಗಿ ಸುಲಿದು ಬಂತು. ಟರ್ಪೆಂಟೈನ್‌ನಲ್ಲಿ ಒರೆಸುವಾಗ ಮೊದಲ ಆರು ಬಟ್ಟೆಗಳು ಜೇನುಬಣ್ಣಕ್ಕೆ ತಿರುಗಿದವು, ಒಂಬತ್ತನೆಯದು ಬಹುತೇಕ ಸ್ವಚ್ಛವಾಗಿತ್ತು. ಗಂಟಿನ ಮೇಲಿನ ಪರೀಕ್ಷೆಯಲ್ಲಿ ಕಲೆ ಬರಲಿಲ್ಲವಾದ್ದರಿಂದ ಪ್ರೈಮರ್ ಮೇಲೆ ಎರಡು ತೆಳು ಕೋಟ್ ಬಳಿದೆ. ಆರನೆಯ ದಿನ ಹಿಂಬದಿಯಲ್ಲಿ ಬ್ಲೇಡಿನಿಂದ 2 ಮಿಲಿಮೀಟರ್ ಅಂತರದಲ್ಲಿ ಆರು ಉದ್ದ, ಆರು ಅಡ್ಡ ಗೀರು ಎಳೆದು, ಮೇಲೆ ಟೇಪ್ ಒತ್ತಿ ಕಿತ್ತು ನೋಡಿದೆ. ಇಪ್ಪತ್ತೈದು ಚೌಕಗಳಲ್ಲಿ ಒಂದೂ ಏಳಲಿಲ್ಲ. ಒಳಗಿನ ಎನಾಮಲ್ ಗಟ್ಟಿಯಾಗಿದ್ದುದರಿಂದ ಕಾಗದ ಹಾಸಿದೆ.

ಒಂದು ತೊಂದರೆ ಉಳಿದಿದೆ. ರಾತ್ರಿ ಬಾಗಿಲು ಮುಚ್ಚಿದರೆ ಬೆಳಿಗ್ಗೆ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ, ತೆರೆಯುವಾಗ ಪಟ್ ಎಂದು ಸದ್ದಾಗುತ್ತದೆ. ಬಣ್ಣ ಒಣಗಿ ಎಷ್ಟೋ ದಿನಗಳಾದವಲ್ಲ?

ಉತ್ತರ 1

ಆರುವುದು ಬೇರೆ, ಗಟ್ಟಿಯಾಗುವುದು ಬೇರೆ. ಅಕ್ರಿಲಿಕ್ ಬಣ್ಣದ ನೀರು ಒಂದೆರಡು ಗಂಟೆಯಲ್ಲಿ ಆರಿ ಕೈಗೆ ಒಣಗಿದಂತೆ ಅನ್ನಿಸುತ್ತದೆ. ಆದರೆ ಅದರ ಕಣಗಳು ಒಂದರೊಳಗೊಂದು ಬೆಸೆದು ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು, ತಂಪು ಹವೆಯಲ್ಲಿ ಇನ್ನೂ ಹೆಚ್ಚು. ಅಷ್ಟರೊಳಗೆ ಬಣ್ಣಕ್ಕೆ ಬಣ್ಣ ಒತ್ತಿ ನಿಂತರೆ ಎರಡೂ ಅಂಟಿಕೊಳ್ಳುತ್ತವೆ. ಇನ್ನು ಎರಡು ವಾರ ಬಾಗಿಲನ್ನು ಬೆರಳಗಲ ತೆರೆದಿಡಿ. ಮುಚ್ಚಲೇಬೇಕಾದರೆ ನಡುವೆ ಮೇಣದ ಕಾಗದದ ಪಟ್ಟಿ ಇರಲಿ. ಆಮೇಲೂ ಅಂಟಿದರೆ, ಬಾಗಿಲು ಚೌಕಟ್ಟಿಗೆ ತಾಗುವ ಅಂಚಿಗೆ ಮಾತ್ರ ಮೇಣದ ಬತ್ತಿಯನ್ನು ಒಮ್ಮೆ ತೆಳುವಾಗಿ ಎಳೆಯಿರಿ. ಬಣ್ಣದ ಕೆಲಸವೆಲ್ಲ ಮುಗಿದ ಮೇಲಷ್ಟೇ ಇದನ್ನು ಮಾಡಿ. ಮುಂದೆಂದಾದರೂ ಮತ್ತೆ ಬಣ್ಣ ಬಳಿಯುವವರು ಆ ಅಂಚನ್ನು ಮೊದಲು ಟರ್ಪೆಂಟೈನ್‌ನಿಂದ ಒರೆಸಬೇಕಾಗುತ್ತದೆ ಎಂದು ಬಾಗಿಲಿನ ಒಳಬದಿಯಲ್ಲಿ ಒಂದು ಚೀಟಿ ಬರೆದು ಅಂಟಿಸಿಡಿ.