ಹೊಲನ ಬಡಾವಣೆ ಮಾಡೋವಾಗ ಮೊದ್ಲು ರಸ್ತೆ ಎಳೀಬೇಕಾ, ನೀರಿನ ದಾರಿ ನೋಡ್ಬೇಕಾ?

ಪ್ರಶ್ನೆ:
ನಾನು ಪ್ಲಾನಿಂಗ್ ಸ್ಟೂಡೆಂಟ್. ಪ್ರಾಜೆಕ್ಟ್‌ಗೆ 160 ಎಕರೆ ಹೊಲ ಕೊಟ್ಟಿದಾರೆ, ಎಲ್ಲಾ ಉದ್ದುದ್ದ ಪಟ್ಟಿಗಳು, ಒಂದೊಂದಕ್ಕೂ ಬೇರೆ ಬೇರೆ ಮಾಲೀಕರು, ನಡುವೆ ಒಂದು ಸಣ್ಣ ಹಳ್ಳ ಇದೆ, ಬೇಸಿಗೇಲಿ ಒಣಗಿರುತ್ತೆ. ಮೊದ್ಲು ಚೌಕ ಚೌಕವಾಗಿ ಗ್ರಿಡ್ ರಸ್ತೆ ಹಾಕಿ, ಸೈಟು ಮಾಡಿ, ಹಳ್ಳನ ಪೈಪ್ ಒಳಗೆ ಬಿಡೋಣ ಅಂತಿದೀನಿ. ಸರಿನಾ?

ಉತ್ತರ 1:
ದಯವಿಟ್ಟು ಹಳ್ಳ ಮುಚ್ಚಬೇಡಿ. ಈಗ ಆ ಹೊಲ ಮಳೆ ನೀರು ಕುಡಿಯುತ್ತೆ, ಬದು ಅದನ್ನ ತಡೆದು ನಿಲ್ಲಿಸುತ್ತೆ, ನಾಳೆ ಅಲ್ಲಿ ಡಾಂಬರು, ತಾರಸಿ ಬಂದ್ಮೇಲೆ ಅಷ್ಟೇ ಮಳೆಗೆ ನೀರು ಜಾಸ್ತಿನೂ ಹರಿಯುತ್ತೆ ಬೇಗಾನೂ ಹರಿಯುತ್ತೆ, ಇವತ್ತಿನ ಹರಿವು ನೋಡಿ ಹಾಕಿದ ಪೈಪು ಆಗ ಸಾಲಲ್ಲ, ನೀರು ಮನೆಗಳಿಗೇ ನುಗ್ಗುತ್ತೆ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ನೋಡಿ. 1967ರಲ್ಲಿ ಹೊಸ ನಗರಕ್ಕೆ ಅಂತ ಗುರುತಿಸಿದ ಸುಮಾರು 22,000 ಎಕರೆ, ಅದ್ರಲ್ಲಿ ಹೆಚ್ಚಿನದು ಹೊಲಾನೇ. ನದಿ ಬಯಲನ್ನ ಉದ್ದಕ್ಕೂ ಪಾರ್ಕ್ ಆಗಿ ಬಿಟ್ರು, ಪ್ರವಾಹದ ನೀರು ಹಿಡಿಯೋಕೆ ಅಲ್ಲಿನ ವಿಲೆನ್ ಕೆರೆ (Willen Lake) ಥರದ ಕೆರೆಗಳನ್ನ ತೋಡಿದ್ರು, ಸುಮಾರು ಕಿಲೋಮೀಟರಿಗೊಂದು ಮುಖ್ಯ ರಸ್ತೆ ಇದೆ ಆದ್ರೆ ಅದೂ ಸ್ಕೇಲ್ ಇಟ್ಟು ಎಳೆದಂಗಿಲ್ಲ, ನೆಲದ ಏರಿಳಿತ ನೋಡ್ಕೊಂಡು ಬಾಗುತ್ತೆ.

ಪ್ರಶ್ನೆ ಕೇಳಿದವರು:
ಆದ್ರೆ ಹಳ್ಳದ ಬದಿ ಜಾಗ ಬಿಟ್ರೆ ಆ ಪಟ್ಟಿಯ ಮಾಲೀಕನಿಗೆ ಏನೂ ಉಳಿಯಲ್ವಲ್ಲ?

ಉತ್ತರ 2:
ಅದಕ್ಕೇ ಒಬ್ಬೊಬ್ಬರ ಹೊಲದ ಮೇಲೆ ಬೇರೆ ಬೇರೆ ಪ್ಲಾನ್ ಮಾಡಬಾರದು. ಎಲ್ಲರ ಜಮೀನನ್ನೂ ಒಟ್ಟು ಸೇರಿಸಿ, ರಸ್ತೆಗೆ, ಹಳ್ಳಕ್ಕೆ, ಪಾರ್ಕಿಗೆ ಬೇಕಾದ್ದನ್ನ ತೆಗೆದು, ಉಳಿದಿದ್ದನ್ನ ಅವರವರು ಕೊಟ್ಟ ಪಾಲಿನ ಪ್ರಕಾರ ಹೊಸ ಸೈಟುಗಳಾಗಿ ವಾಪಸ್ ಕೊಡಬೇಕು, ಆಗ ನಷ್ಟ ಎಲ್ಲರಿಗೂ ಹಂಚಿಹೋಗುತ್ತೆ. ಫ್ರಾಂಕ್‌ಫರ್ಟ್‌ಗೆ 1902ರಲ್ಲೇ ಇದಕ್ಕೆ ಕಾನೂನು ಬಂತು, ಮೇಯರ್ ಆಡಿಕೆಸ್ ಹೆಸರಲ್ಲೇ ಅದನ್ನ ಕರೀತಾರೆ, ಜಪಾನ್‌ನಲ್ಲೂ ಇದೇ ಪದ್ಧತೀಲಿ ಎಷ್ಟೋ ಬಡಾವಣೆಗಳಾಗಿವೆ. ಇನ್ನೊಂದು, ಆ ಪಟ್ಟಿಗಳನ್ನ ಹಂಗಂಗೇ ಸೈಟು ಮಾಡಿದ್ರೆ ಅಗಲ ಇಲ್ಲದ ಉದ್ದ ಸೈಟು, ಎಲ್ಲೂ ಹೋಗಿ ಸೇರದ ರಸ್ತೆ, ಆಮೇಲೆ ಸರಿಮಾಡೋಕೆ ಆಗೋದೇ ಇಲ್ಲ.

ಉತ್ತರ 3:
160 ಎಕರೆ ಅಂದ್ರೆ ಅಮೆರಿಕದ ಯೋಜನಾ ತಜ್ಞ ಕ್ಲಾರೆನ್ಸ್ ಪೆರಿ 1929ರಲ್ಲಿ ಒಂದು ನೆರೆಹೊರೆಗೆ ಹೇಳಿದ ಅಳತೆನೇ, ನಡುವೆ ಶಾಲೆ, ಯಾವ ಮನೆಯಿಂದಾದ್ರೂ ಸುಮಾರು ಕಾಲು ಮೈಲಿ ನಡಿಗೆ. ನಿಮ್ಮ ಶಾಲೆ, ಆಟದ ಮೈದಾನ ಹಳ್ಳದ ಪಕ್ಕಕ್ಕೆ ತನ್ನಿ, ಮಕ್ಕಳು ದೊಡ್ಡ ರಸ್ತೆ ದಾಟದೇ ಹೋಗಬಹುದು. ಕೆಲಸ ಶುರುವಾಗೋ ಮುಂಚೆ ಮೇಲ್ಮಣ್ಣು ತೆಗೆದು ಬೇರೆ ಕಡೆ ಇಡಿಸಿ, ಕೊನೆಗೆ ಪಾರ್ಕಿಗೆ ವಾಪಸ್ ಹಾಕಿಸಿ, ಯಾಕಂದ್ರೆ ಜೆಸಿಬಿ ಓಡಾಡಿ ಗಟ್ಟಿಯಾದ ನೆಲದಲ್ಲಿ ಪಾರ್ಕಿನ ಗಿಡ ಸರಿಯಾಗಿ ಬೇರು ಬಿಡಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ಶೀಟ್ ಮೊದಲಿಂದ ಮಾಡ್ತೀನಿ. ನಕ್ಷೇಲಿ ಕಾಣದ ತಗ್ಗು ಹೆಂಗೆ ಹುಡುಕೋದು?

ಉತ್ತರ 1:
ಜೋರು ಮಳೆ ಬಂದ ಮಾರನೇ ದಿನ ಹೋಗಿ ನೋಡಿ. ಅಲ್ಲಿ ಉಳುವವರನ್ನ ಕೇಳಿ, ಯಾವ ಮೂಲೆ ಕೊನೆಗೆ ಒಣಗುತ್ತೆ ಅಂತ ಅವರಿಗೆ ಗೊತ್ತಿರುತ್ತೆ.